ಯಾರೂ ಕೈ ಅಡ್ಡ ಹಾಕದ ಕಾರು

ಕುಂದಾಣದ ಶಾಮಲಾ ಮೇಡಂ ದಿನಾ ಕಾರಿನಲ್ಲಿ ಹೋಗಿ, ದೇವನಹಳ್ಳಿ ಹತ್ತಿರದ ವಿಜಯಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಅವರ ಕಾರನ್ನು ದೂರದಿಂದಲೇ ಗುರುತಿಸಿ ದಾರಿಯುದ್ದಕ್ಕೂ ಜನ ಕೈ ಅಡ್ಡ ಹಾಕುತ್ತಿದ್ದರು. ಒಬ್ಬರಿಗೆ ಆಸ್ಪತ್ರೆ, ಇನ್ನೊಬ್ಬರಿಗೆ ಸೊಪ್ಪಿನ ಮೂಟೆಯ ಜೊತೆ ಸಂತೆ. ಮೇಡಂ ಯಾರಿಗೂ ಇಲ್ಲ ಎಂದವರಲ್ಲ. ಆದರೂ ಒಂದು ದಿನವಾದರೂ ಒಬ್ಬರೇ ಹಾಡು ಕೇಳಿಕೊಂಡು ಹೋಗಬೇಕೆಂಬ ಆಸೆ ಒಳಗೇ ಇತ್ತು.

ಕಾರು ರಿಪೇರಿಗೆ ಹೋದಾಗ ದೇವನಹಳ್ಳಿಯಿಂದ ಒಂದು ಕೆಂಪು ಕಾರನ್ನು ಬಾಡಿಗೆಗೆ ತಂದರು. ಅದರ ಪರಿಚಯ ದಾರಿಯಲ್ಲಿ ಯಾರಿಗೂ ಇರಲಿಲ್ಲ. ಗಾಜು ಏರಿಸಿ, ಹಾಡು ಹಾಕಿ, ಅದರ ಜೊತೆ ತಾವೂ ಗಟ್ಟಿಯಾಗಿ ಹಾಡಿಕೊಂಡು ಹೋದರು. ಆ ಸುಖವೇ ಬೇರೆ.

ಮಾರನೆಯ ದಿನ ಬಸ್‌ಸ್ಟಾಪಿನಲ್ಲಿ ಮುದುಕಿ ಅಮ್ಮಯಮ್ಮ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ಕೆಂಪು ಕಾರಿನ ಕಡೆ ತಿರುಗಿಯೂ ನೋಡದೆ ದೂರದ ದಾರಿಯನ್ನೇ ದಿಟ್ಟಿಸುತ್ತಿದ್ದರು. ಮುಂದೆ ಹೋಗಿಬಿಟ್ಟಿದ್ದ ಮೇಡಂ ಮನಸ್ಸು ತಡೆಯದೆ ಹಿಂದಕ್ಕೆ ಬಂದು ಗಾಜು ಇಳಿಸಿದರು.

“ಹತ್ತಿ ಅಜ್ಜಿ, ನಾನೇ.”

“ಅಯ್ಯೋ, ನೀನಾ ತಾಯಿ! ನೆನ್ನೆಯಿಂದ ಕಾಯ್ತಾವ್ನಿ. ನಮ್ ಕಾರೆಲ್ಲೋಯ್ತು?”

ಆ ‘ನಮ್ ಕಾರು’ ಕೇಳಿ ಮೇಡಂಗೆ ನಗು ಬಂತು.

“ರಿಪೇರಿಗೆ ಬಿಟ್ಟಿದ್ದೀನಿ ಅಜ್ಜಿ, ನಾಳೆ ಬಂದ್ಬಿಡುತ್ತೆ.”

ಅಜ್ಜಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೇಡಂ ಹಾಡು ನಿಲ್ಲಿಸಿ, ಊರಿನ ಸುದ್ದಿ ಕೇಳುತ್ತಾ ಕಾರು ಓಡಿಸಿದರು.