ಜತ್ತಪ್ಪ ಕೊಯ್ದ ಬಿಸಿನೀರಿನ ಕೊಳವೆ

ಉಜಿರೆಯಲ್ಲಿ ಗ್ಯಾರೇಜು ಇಟ್ಟಿದ್ದ ಜತ್ತಪ್ಪ ಆಸ್ಪತ್ರೆಯ ವ್ಯಾನನ್ನು ಮೊದಲ ಸಲ ನೋಡಿದ್ದು ೧೯೬೪ರ ಬೇಸಗೆಯಲ್ಲಿ. ಯಾವುದೋ ಚಳಿದೇಶದವರು ಒಂದು ಧರ್ಮಾಸ್ಪತ್ರೆಗೆ ದಾನ ಕೊಟ್ಟ ಹಳೆಯ ಗಾಡಿ ಅದು. ಹಳ್ಳಿಗಳಿಂದ ಹೆರಿಗೆಗೆ ಹೆಂಗಸರನ್ನು ಕರೆತರಲು ಓಡುತ್ತಿತ್ತು. ಹಿಂದಿನ ಸೀಟಿನ ಕೆಳಗೆ, ಗಾಡಿಯ ಒಳಗನ್ನು ಬೆಚ್ಚಗಿಡಲು, ಅದಕ್ಕೊಂದು ಹೀಟರಿನ ಪೆಟ್ಟಿಗೆ. ಇಂಜಿನಿನ ಬಿಸಿನೀರು ಒಂದು ರಬ್ಬರು ಕೊಳವೆಯಲ್ಲಿ ಆ ಪೆಟ್ಟಿಗೆಗೆ ಹೋಗಿ ಇನ್ನೊಂದರಲ್ಲಿ ತಿರುಗಿ ಬರುತ್ತಿತ್ತು. ಪೆಟ್ಟಿಗೆಗೆ ತುಕ್ಕು ಹಿಡಿದು ಸೋರತೊಡಗಿತ್ತು.

"ಬೆವರು ಒರೆಸಿ ಪೂರೈಸುವುದಿಲ್ಲ ನಮಗೆ, ಇದು ಯಾಕೆ ಮಾರಾಯ?" ಎಂದು ಜತ್ತಪ್ಪ ಡ್ರೈವರ್ ಸುಲೈಮಾನನನ್ನು ಕೇಳಿದ. "ಪೆಟ್ಟಿಗೆ ಬಿಟ್ಟು ಎರಡೂ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿಬಿಡುವ. ನೀರು ಅಲ್ಲಿಂದಲೇ ತಿರುಗಿ ಇಂಜಿನಿಗೆ ಹೋಗ್ತದೆ. ಅರ್ಧ ಗಂಟೆಯ ಕೆಲಸ."

"ಮ್ಯಾನೇಜರು ಒಪ್ಪಬೇಕಲ್ಲ ಜತ್ತಪ್ಪಣ್ಣ."

ಆಸ್ಪತ್ರೆಯ ಮ್ಯಾನೇಜರ್ ಶೀನಪ್ಪ ಒಪ್ಪಲಿಲ್ಲ. "ದಾನದ ಗಾಡಿಯನ್ನು ಕೊಯ್ಯಲಿಕ್ಕೆ ನೀನು ಯಾರು? ಹೊಸ ಹೀಟರಿಗೆ ಕಾಗದ ಬರೆದಿದ್ದೇನೆ. ಅಲ್ಲಿಯವರೆಗೆ ನೀರು ಹಾಕಿ ಓಡಿಸಲಿ."

ಜತ್ತಪ್ಪ ಗ್ಯಾರೇಜಿಗೆ ವಾಪಸು ಬಂದ. ಆದರೂ ಮನಸ್ಸು ಕೇಳದೆ, ಗೇಣುದ್ದದ ತಾಮ್ರದ ನಳಿಗೆಯೊಂದನ್ನು ಬಗ್ಗಿಸಿ, ಬಿಗಿಯುವ ಪಟ್ಟಿಗಳ ಸಮೇತ ಚೀಲದಲ್ಲಿಟ್ಟುಕೊಂಡ.

ಮೂರು ವಾರ ಕಳೆದಿರಲಿಲ್ಲ. ಚಾರ್ಮಾಡಿಯಿಂದ ಬಂದ ಬಸ್ಸಿನ ಕಂಡಕ್ಟರು ಗ್ಯಾರೇಜಿನ ಮುಂದೆ ಕೂಗಿದ: "ಆಸ್ಪತ್ರೆಯ ವ್ಯಾನು ಎರಡು ಮೈಲಿ ಆಚೆ ನಿಂತಿದೆ. ಒಳಗೆ ಹೆಂಗಸರು ಅಳ್ತಿದ್ದಾರೆ!"

ಜತ್ತಪ್ಪ ಸೈಕಲು ಹತ್ತಿದ. ಹೋಗಿ ನೋಡಿದರೆ ವ್ಯಾನಿನ ನೆಲದಲ್ಲಿ ಹಬೆಯಾಡುವ ನೀರು. ಬೆಂಚಿನ ಮೇಲೆ ತುಂಬು ಬಸುರಿ ಜುಲೈಕಾ ಹೆರಿಗೆ ನೋವು ತಿನ್ನುತ್ತಾ ಮಲಗಿದ್ದಳು. ಅವಳ ತಾಯಿ ಖದೀಜ ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದರು. ಪೆಟ್ಟಿಗೆ ಒಡೆದಾಗ ಅವರ ಬಲಗಾಲು ಅದರ ಪಕ್ಕದಲ್ಲೇ ಇತ್ತು. ಪಾದದ ಚರ್ಮ ಸುಲಿದು ಬಂದಿತ್ತು.

"ನನ್ನದು ಇರಲಿ ಮಗಾ," ಎಂದರು ಖದೀಜ. "ಅವಳನ್ನು ಆಸ್ಪತ್ರೆಗೆ ಮುಟ್ಟಿಸು."

ಸುಲೈಮಾನ್ ತೋಡಿನಿಂದ ನೀರು ತರುವಷ್ಟರಲ್ಲಿ ಜತ್ತಪ್ಪ ವ್ಯಾನಿನ ಅಡಿಗೆ ನುಗ್ಗಿ ಎರಡೂ ಕೊಳವೆಗಳನ್ನು ಕೊಯ್ದ. ತುದಿಗಳಿಗೆ ತಾಮ್ರದ ನಳಿಗೆ ತೂರಿಸಿ ಪಟ್ಟಿ ಬಿಗಿದ. ಆಮೇಲೆ ಇಂಜಿನು ತಣಿಯುವವರೆಗೆ ಕಾಯಲೇಬೇಕಿತ್ತು. ಕಾದ ಇಂಜಿನಿಗೆ ತಣ್ಣೀರು ಹೊಯ್ದರೆ ಸೀಳಿ ಹೋದೀತು. ಆ ಇಪ್ಪತ್ತು ನಿಮಿಷ ಜುಲೈಕಾ ಕೂಗಿದ ಒಂದೊಂದು ಕೂಗಿಗೂ ಅವನು ಶೀನಪ್ಪನ ಹೆಸರು ಹಿಡಿದು ಬೈದ.

ವ್ಯಾನು ಹೊರಟಿತು. ಜುಲೈಕಾ ಆಸ್ಪತ್ರೆ ಮುಟ್ಟಿ ಗಂಡುಮಗುವನ್ನು ಹೆತ್ತಳು.

ಎರಡನೆಯ ದಿನ ಶೀನಪ್ಪನ ಚೀಟಿ ಬಂತು: ಅಪ್ಪಣೆಯಿಲ್ಲದೆ ಆಸ್ಪತ್ರೆಯ ಸೊತ್ತು ಹಾಳು ಮಾಡಿದ್ದಕ್ಕೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು.

ಜತ್ತಪ್ಪ ನೇರ ವ್ಯಾನಿನ ಹತ್ತಿರ ಹೋಗಿ ಒಡೆದ ಹೀಟರನ್ನು ಬಿಚ್ಚಿದ. ಅದನ್ನು ಹೊತ್ತುಕೊಂಡು ಹೋಗಿ ಶೀನಪ್ಪನ ಮೇಜಿನ ಮೇಲಿದ್ದ ಕಾಗದಗಳ ಮೇಲೆ ಕುಕ್ಕಿದ. ತುಕ್ಕಿನ ನೀರು ಮೇಜಿನ ತುಂಬ ಹರಿಯಿತು.

"ಇಕೊಳ್ಳಿ ನಿಮ್ಮ ಸೊತ್ತು. ಕ್ಷಮೆ ಬೇಕಾ? ಮೊದಲು ವಾರ್ಡಿಗೆ ಹೋಗಿ ಖದೀಜಮ್ಮನ ಕಾಲು ನೋಡಿ. ಅವರ ಹತ್ರ ನೀವು ಕೇಳಿ. ಆಮೇಲೆ ನಾನು ಬರೀತೇನೆ!"

ಗಲಾಟೆ ಕೇಳಿ ಬಂದ, ಆಸ್ಪತ್ರೆ ನಡೆಸುವ ಡಾಕ್ಟರಮ್ಮ ಪೆಟ್ಟಿಗೆಯನ್ನೂ ಚೀಟಿಯನ್ನೂ ನೋಡಿದರು. ಚೀಟಿ ಹರಿದು, "ವ್ಯಾನು ಈಗ ಇರುವ ಹಾಗೆಯೇ ಓಡಲಿ," ಎಂದರು. ಶೀನಪ್ಪ ಮಾತ್ರ ವಾರ್ಡಿಗೆ ಹೋಗಲಿಲ್ಲ.

ಖದೀಜ ಮಳೆಗಾಲ ಮುಗಿಯುವವರೆಗೂ ಕುಂಟಿದರು. ಅವರನ್ನು ನೋಡಲು ಹೋದಾಗಲೆಲ್ಲ ಜತ್ತಪ್ಪನ ಸಿಟ್ಟು ತನ್ನ ಮೇಲೆಯೇ ತಿರುಗುತ್ತಿತ್ತು. "ಅವತ್ತೇ ಕೊಯ್ಯಬೇಕಿತ್ತು ಉಮ್ಮಾ. ಅಪ್ಪಣೆ ಕೇಳಲಿಕ್ಕೆ ಹೋದದ್ದು ನನ್ನ ತಪ್ಪು."

ಆಮೇಲೆ ಅವನು ಹಾಗೆ ಯಾರ ಅಪ್ಪಣೆಯನ್ನೂ ಕೇಳಲು ಹೋಗಲಿಲ್ಲ. ಬ್ರೇಕು ಸರಿಯಿಲ್ಲದ ಗಾಡಿ ಗ್ಯಾರೇಜಿಗೆ ಬಂದರೆ ಕೀಲಿಕೈ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಮಾಲಕರು ಎಷ್ಟು ಕಿರುಚಿದರೂ ರಿಪೇರಿ ಮುಗಿಯುವ ತನಕ ಕೊಡುತ್ತಿರಲಿಲ್ಲ.