ಉರಿಯದ ಕೈ

ಈಗಷ್ಟೇ ಕಜ್ಜಾಯಕ್ಕೆ ಬೆಲ್ಲದ ಪಾಕ ಎತ್ತುವಾಗ ಒಂದು ಹನಿ ಸಿಡಿದು ನನ್ನ ಬಲಗೈ ಹೆಬ್ಬೆರಳ ಬುಡಕ್ಕೆ ಬಿತ್ತು. ಒಲೆ ಆರಿಸಿ, ಬಳೆ ಕಳಚಿ, ಕೈಯನ್ನು ನಲ್ಲಿ ಕೆಳಗೆ ಹಿಡಿದು ನಿಂತಿದ್ದೇನೆ. ಇಪ್ಪತ್ತು ನಿಮಿಷ ಹೀಗೇ ನಿಲ್ಲಬೇಕು. ನೀವೂ ಜೊತೆಗಿರಿ. ಒಬ್ಬಳೇ ನಿಂತರೆ ಮನಸ್ಸು ನರಸೀಪುರದ ಈ ಅಡುಗೆಮನೆಯಿಂದ ಎದ್ದು ನೇರ ಹುಲ್ಲಹಳ್ಳಿಯ ಆಲೆಮನೆಗೆ ಹೋಗಿಬಿಡುತ್ತದೆ.

ಅಲ್ಲಿ ನನ್ನ ಸೋದರಮಾವ ಪಾಕ ನೋಡುವವರು. ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಯುವ ಕೊಪ್ಪರಿಗೆಯಿಂದ ಚಿಟಿಕೆ ಪಾಕ ಕಿತ್ತು, ಮತ್ತೆ ನೀರಿಗದ್ದಿ ಉಂಡೆ ಕಟ್ಟಿ ಹದ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಕಣ್ಣು ಮುಚ್ಚಿಕೊಂಡರೆ ನಗುತ್ತಿದ್ದರು. ಮಾವನ ಕೈ ಬೇಯುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸದ ಮಾತು. ಬಿ.ಎಸ್ಸಿ. ಮುಗಿಸಿದ ಮೇಲೂ ನಾನು ಪ್ರಶ್ನಿಸಲಿಲ್ಲ. ಕಾಲೇಜಿನವರು ಕೊಟ್ಟ ಸರ್ಟಿಫಿಕೇಟನ್ನು ವಾಪಸ್ ಕೇಳದಿರುವುದು ಅವರ ದೊಡ್ಡತನ.

ಹೋದ ವರ್ಷ ನಾನು ಅಲ್ಲಿಗೆ ಹೋಗಿದ್ದಾಗಲೇ ಕೊಪ್ಪರಿಗೆ ಇಳಿಸಿ ಸುರಿಯುವಾಗ ಒಂದು ಕಡೆ ಜಾರಿತು. ಪಾಕ ಮಾವನ ಬಲಗೈ ಮೇಲೆ, ಮೊಣಕೈಯಿಂದ ಬೆರಳವರೆಗೆ ಹರಿಯಿತು. ನಾಲ್ಕಾರು ಹನಿ ಪಕ್ಕದಲ್ಲಿದ್ದ ಅತ್ತೆಯ ಪಾದಕ್ಕೆ ಸಿಡಿದವು. ಅತ್ತೆ ಕಿರುಚಿದರು. ಮಾವ ಹಲ್ಲು ಕಚ್ಚಿ ಒಂದು ಗಳಿಗೆ ನಿಂತು, ಕೈಗೆ ಟವೆಲ್ ಸುತ್ತಿಕೊಂಡರು.

‘ನನ್ ಬುಡವ್ವ, ಅವ್ಳ ನೋಡು. ಪಾಕ ಗಟ್ಟಿಯಾಗೋಯ್ತದೆ,’ ಎಂದು ಉಳಿದದ್ದನ್ನು ಅಚ್ಚಿಗೆ ತುಂಬಲು ಹೋದರು.

ನಾನು ಅತ್ತೆಯ ಪಾದಕ್ಕೆ ನೀರು ಹೊಯ್ಯತೊಡಗಿದೆ. ಯಾರೋ ತಂದ ಟೂತ್‌ಪೇಸ್ಟನ್ನು ಆಚೆಗಿಟ್ಟೆ. ಅಷ್ಟು ವಿಜ್ಞಾನ ನನಗೂ ಗೊತ್ತಿತ್ತು.

‘ಕಾಲು ಊದ್ಕೊಂಡ್ರೆ ಉಂಗ್ರ ಬರಲ್ಲ, ತೆಗೀರಿ ಅತ್ತೆ.’

‘ಗಂಡ ಎದ್ರುಗೇ ನಿಂತಿರುವಾಗ ಕಾಲುಂಗ್ರ ತೆಗೀಬೇಕಾ? ಚೆನ್ನಾಗ್ ಓದ್ದೆ ಕಣೆ ನೀನು.’

ಮಾವ ಅಲ್ಲಿಂದಲೇ, ‘ತೆಗ್ಯಮ್ಮಿ, ನಾನೇನ್ ಇವತ್ತೇ ಓಗ್ಬುಡಲ್ಲ,’ ಎಂದರು. ಮೂವರೂ ನಕ್ಕೆವು. ಆ ನಗು ನನಗೆ ಈಗಲೂ ಕೇಳಿಸುತ್ತದೆ.

‘ಮಾವ, ಉರೀತದಾ?’

‘ಮೊದ್ಲು ಉರೀತು. ಈಗ ಏನೂ ಗೊತ್ತಾಯ್ತಿಲ್ಲ ಕಣವ್ವ.’

ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡು ಮತ್ತೆ ಅತ್ತೆಯ ಪಾದಕ್ಕೆ ತಿರುಗಿದೆ. ಅರ್ಧ ಗಂಟೆ. ಆ ಅರ್ಧ ಗಂಟೆಯೂ ಬಿಸಿ ಪಾಕ ಟವೆಲ್ಲಿನೊಳಗೆ ಮಾವನ ಕೈಗೆ ಅಂಟಿಕೊಂಡೇ ಇತ್ತು.

ಆಸ್ಪತ್ರೆಗೆ ಹೋದದ್ದೂ ಅತ್ತೆಗಾಗಿಯೇ. ಮಾವ ಜೊತೆಗೆ ಬಂದಿದ್ದರು. ನರ್ಸ್ ಪಾದ ನೋಡಿ, ‘ಈ ಕೆಂಪು ಮೇಲ್ಮೇಲಿನದು, ತಾನೇ ವಾಸಿಯಾಗ್ತದೆ. ಬೊಬ್ಬೆ ಇರೋ ಕಡೆ ಸ್ವಲ್ಪ ಒಳಕ್ಕೋಗಿದೆ, ಒಡೀಬೇಡಿ,’ ಎಂದರು. ಆಮೇಲೆ ಟವೆಲ್ ಕಂಡಿತು. ನೀರು ಬಿಟ್ಟು ಬಿಟ್ಟು ನಿಧಾನವಾಗಿ ಬಿಡಿಸಿದರು. ಅಡಿಯಲ್ಲಿ ಕೆಂಪಿರಲಿಲ್ಲ, ಬೊಬ್ಬೆಯಿರಲಿಲ್ಲ. ಚರ್ಮ ಒಣಗಿದ ತೊಗಲಿನ ಹಾಗೆ ಬೆಳ್ಳಗಿತ್ತು. ನರ್ಸ್ ಸೂಜಿಮೊನೆ ತಾಗಿಸಿದರು.

‘ನೋಯ್ತದಾ?’

‘ಇಲ್ಲ ಸಿಸ್ಟರ್. ನನ್ ಕೈ ಬೇಯಲ್ಲ.’

ಅವರು ನಗಲಿಲ್ಲ. ನನ್ನ ಕಡೆ ತಿರುಗಿ, ‘ನೋವು ಹೇಳೋ ನರಾನೇ ಸುಟ್ಟೋಗಿದೆ ಕಣಮ್ಮ. ಇಷ್ಟೊತ್ತು ಬೊಬ್ಬೆ ನೋಡ್ಕೊಂಡ್ ಕೂತಿದ್ರಾ?’ ಎಂದರು.

ಕೈಗೆ ಶುಭ್ರ ಬಟ್ಟೆ ಹೊದಿಸಿ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ನಂಜನಗೂಡು ದಾಟುವವರೆಗೂ ಮಾವ ಅಚ್ಚಿನಲ್ಲಿ ಬಿಟ್ಟುಬಂದ ಬೆಲ್ಲದ ಮಾತೇ ಆಡಿದರು. ಒಮ್ಮೆಯಾದರೂ ‘ಅಯ್ಯೋ’ ಎನ್ನಲಿ ಎಂದು ನಾನು ನಂಜುಂಡೇಶ್ವರನನ್ನು ಬೇಡುತ್ತಿದ್ದೆ. ತೊಡೆಯ ಚರ್ಮ ತೆಗೆದು ಕೈಗೆ ಕಸಿ ಮಾಡಿದರು. ಕೈ ಉಳಿಯಿತು. ಎರಡು ಬೆರಳು ಮಾತ್ರ ಮಡಚುವುದಿಲ್ಲ.

ಫೋನು ಹೊಡೆದುಕೊಳ್ಳುತ್ತಿದೆ. ಎಡಗೈಯಲ್ಲಿ ಎತ್ತಿಕೊಂಡೆ, ಮಾವ.

‘ಕಜ್ಜಾಯ ಆಯ್ತಾ ಅವ್ವ?’

‘ಪಾಕ ಸಿಡೀತು ಮಾವ. ಕೈ ಮೇಲೆ.’

‘ಉರೀತದಾ?’

‘ಉರೀತದೆ.’

‘ಚೆನ್ನಾಗ್ ಉರೀತದಾ?’

‘ಚೆನ್ನಾಗೇ.’

ಅವರು ಉಸಿರು ಬಿಟ್ಟದ್ದು ಕೇಳಿಸಿತು. ‘ಎಷ್ಟೊತ್ತಾಯ್ತು ನೀರಿಗಿಟ್ಟು?’

‘ಹತ್ತ್ ನಿಮಿಷ.’

‘ಇನ್ನೂ ಹತ್ತ್ ನಿಮ್ಸ ಇಡು. ನಾನು ಫೋನ್ ಮಡಗಾಕಿಲ್ಲ.’