ಬೀದಿ ಕಡೆಯ ಕೋಣೆ

ನಮ್ಮೂರಿನ ಪೋಸ್ಟಾಫೀಸು ಇದ್ದದ್ದು ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ. ನನ್ನ ಯಜಮಾನರು ಪೋಸ್ಟ್ ಮಾಸ್ಟರು. ಇಷ್ಟು ಸಣ್ಣ ಊರಿಗೆ ಸರ್ಕಾರದ ಕಟ್ಟಡ ಇರುವುದಿಲ್ಲ, ಜಾಗವನ್ನು ಪೋಸ್ಟ್ ಮಾಸ್ಟರೇ ಹೊಂದಿಸಬೇಕು. ಪಂಚನಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಚೀಲ ಬರುತ್ತಿತ್ತು.

ಅವರು ತೀರಿಕೊಂಡ ಮೇಲೆ ಮೊಹರು, ಬೆರಳಿನ ಗುರುತು ಹಿಡಿಯುವ ಯಂತ್ರ, ಪುಸ್ತಕಗಳನ್ನೆಲ್ಲ ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟು ಕೋಣೆಗೆ ಬೀಗ ಹಾಕಿದೆ. ಯಾರ ಮೇಲೂ ಸಿಟ್ಟಿರಲಿಲ್ಲ. ಅವರ ಕನ್ನಡಕ ಮೇಜಿನ ಮೇಲಿತ್ತು, ಹಾಗೇ ಇರಲಿ ಅನ್ನಿಸಿತು. ಪೋಸ್ಟ್‌ಮ್ಯಾನ್ ಹಾಲಿನ ಡೈರಿಯ ಜಗಲಿಯಲ್ಲಿ ಕೂತು, ಬೆಳಗಿನ ಹಾಲು ಅಳೆದು ಮುಗಿದ ಮೇಲೆ ಕೆಲಸ ನಡೆಸುತ್ತಿದ್ದ. ಕೆಂಪು ಡಬ್ಬ ಮಾತ್ರ ನಮ್ಮ ಗೋಡೆಯಲ್ಲೇ ಉಳಿಯಿತು.

ಕಾಗದ ಬರೆಯುವುದು ನಿಂತು ಎಷ್ಟೋ ವರ್ಷವಾಗಿದೆ, ಮಾತೆಲ್ಲ ಫೋನಿನಲ್ಲೇ. ಆದರೆ ಯಜಮಾನರಿದ್ದಾಗ ಪಿಂಚಣಿಯವರು ಬರುತ್ತಿದ್ದರು. ತೆಂಗಿನಕಾಯಿ ಸುಲಿದು ಸುಲಿದು ಬೆರಳಿನ ಗೆರೆಯೇ ಸವೆದವರು. ಯಂತ್ರ ಬೆರಳನ್ನು ಒಪ್ಪದಿದ್ದರೆ ಯಜಮಾನರು ಒಳಕ್ಕೆ ಕೂಗಿ ಬಿಸಿನೀರು ಕೇಳುತ್ತಿದ್ದರು. ನಾನು ಚೊಂಬಿನಲ್ಲಿ ತಂದುಕೊಡುತ್ತಿದ್ದೆ. ಕೈ ತೊಳೆಸಿ, ಒರೆಸಿ, ಹೆಬ್ಬೆರಳು ಬಿಟ್ಟು ಉಂಗುರದ ಬೆರಳು ಇಡಿಸುವರು. ಸಾಮಾನ್ಯವಾಗಿ ಒಪ್ಪುತ್ತಿತ್ತು. ಡೈರಿಯ ಜಗಲಿಯಲ್ಲಿ ಬಿಸಿನೀರು ಎಲ್ಲಿಂದ ಬರಬೇಕು? ಅಲ್ಲಿ ಬೆರಳು ಹಿಡಿಯದವರು ಬಸ್ಸು ಹತ್ತಿ ಪಂಚನಹಳ್ಳಿಗೆ ಹೋಗಬೇಕಾಯಿತು. ಪಕ್ಕದ ಮನೆಯ ಅಜ್ಜಿ ಎರಡು ಸಲ ಹೋಗಿಬಂದಳು.

ಅಷ್ಟರಲ್ಲಿ ಮೇಲಿನ ಅಧಿಕಾರಿ ಬರುತ್ತಾರೆ, ನಮ್ಮ ಪೋಸ್ಟಾಫೀಸನ್ನು ಉಳಿಸುವುದೋ ಪಕ್ಕದ ಊರಿಗೆ ಸೇರಿಸುವುದೋ ನೋಡುತ್ತಾರೆ ಎಂದು ಸುದ್ದಿಯಾಯಿತು. ಡಬ್ಬ ಖಾಲಿ ಕಂಡರೆ ಮುಚ್ಚಿಬಿಡುತ್ತಾರೆಂದು ಊರಿನವರು ಲೆಕ್ಕ ಹಾಕಿದರು. ಪೋಸ್ಟ್‌ಮ್ಯಾನ್ ಹತ್ತಿರ ಇದ್ದ ಕಾರ್ಡುಗಳೆಲ್ಲ ಒಂದೇ ದಿನಕ್ಕೆ ಖರ್ಚಾದವು. ಬರೆಯಲು ಬಾರದವರು ಶಾಲೆ ಮಕ್ಕಳಿಂದ ಬರೆಸಿದರು. ನನಗೆ ಯಾರೂ ಏನೂ ಹೇಳಲಿಲ್ಲ. ಡಬ್ಬದ ಮುಚ್ಚಳ ಬಡಿಯುವ ಸದ್ದು ಮಾತ್ರ ಒಳಗೆ ಕೇಳುತ್ತಿತ್ತು.

ವಿಂಗಡಣೆಗೆಂದು ಕಡೂರಿನವರೆಗೆ ಹೋಗಿದ್ದ ಆ ಕಾರ್ಡುಗಳೂ ಅಧಿಕಾರಿ ಬಂದ ದಿನವೇ ಚೀಲದಲ್ಲಿ ವಾಪಸು ಬಂದವು. ಎಲ್ಲವೂ ನನ್ನ ಯಜಮಾನರ ಹೆಸರಿಗೆ. ವಿಳಾಸ ನಮ್ಮ ಮನೆಯದಾದ್ದರಿಂದ ಅಧಿಕಾರಿ ಕಟ್ಟು ಹಿಡಿದುಕೊಂಡು ನಮ್ಮ ಬಾಗಿಲಿಗೇ ಬಂದರು.

"ಯಾರ್ರೀ ಇವ್ರು? ಊರಿನ್ ಕಾಗ್ದವೆಲ್ಲ ಇವ್ರಿಗೇ ಬಂದಿದೆಯಲ್ಲ?"

"ಹಳೇ ಪೋಸ್ಟ್ ಮಾಸ್ಟ್ರು ಸಾರ್," ಎಂದ ಪೋಸ್ಟ್‌ಮ್ಯಾನ್. "ತೀರ್ಕಂಡವ್ರೆ."

"ಗೊತ್ತಿದ್ದೂ ಬರ್ದವ್ರಾ?"

"ಬ್ಯಾರೆ ಅಡ್ರೆಸ್ ಯಾರಿಗೂ ಬಾಯಿಪಾಠ ಇಲ್ಲ ಸಾರ್. ಮಕ್ಳುದೆಲ್ಲ ಬರೀ ಫೋನ್ ನಂಬ್ರು."

ಅಧಿಕಾರಿ ನಗಲಿಲ್ಲ, ಬೈಯಲೂ ಇಲ್ಲ. ಈಗ ಯಾರೂ ಕಾಗದ ನೋಡಿ ತೀರ್ಮಾನ ಮಾಡುವುದಿಲ್ಲ, ಯಂತ್ರದಲ್ಲಿ ಎಷ್ಟು ಜನರ ಕೆಲಸ ಆಗುತ್ತದೆ ಎಂಬುದೇ ಮುಖ್ಯ ಎಂದರು. ಹೊಸ ಪೋಸ್ಟ್ ಮಾಸ್ಟರಾಗಿ ತರೀಕೆರೆ ಕಡೆಯ ಒಬ್ಬ ಹುಡುಗಿ ಆಯ್ಕೆಯಾಗಿದ್ದಾಳೆ, ಈ ಊರಲ್ಲಿ ಅವಳಿಗೆ ಮನೆಯಿಲ್ಲ, ಜಗಲಿಯಲ್ಲಿ ಕಚೇರಿ ನಡೆಸಲು ಬಿಡುವುದಿಲ್ಲ, ಬಾಗಿಲಿರುವ ಒಂದು ಕೋಣೆ ಸಿಕ್ಕದಿದ್ದರೆ ಪಕ್ಕದ ಊರಿಗೆ ಸೇರಿಸುವುದೇ ಎಂದರು. ನನ್ನನ್ನು ಕೇಳಲಿಲ್ಲ. ಬೀಗ ಅವರಿಗೂ ಕಾಣುತ್ತಿತ್ತು. ಅವರ ಹಿಂದೆಯೇ ಬಂದಿದ್ದ ಊರಿನವರು ನೆಲ ನೋಡುತ್ತ ನಿಂತರು.

ಪಕ್ಕದ ಮನೆಯ ಅಜ್ಜಿ ಮಾತ್ರ ಹತ್ತಿರ ಬಂದು ಕೇಳಿದಳು. "ನೀರ್ ಕಾಯ್ಸೋದು ಮರ್ತಿಲ್ವಲ್ಲವ್ವ ನೀನು?"

ನಾನು ಒಳಗೆ ಹೋಗಿ ಬೀಗದ ಕೈ ತಂದೆ.

ವಿಳಾಸದಾರರು ಇಲ್ಲದ ಕಾರ್ಡುಗಳು ಬರೆದವರಿಗೇ ವಾಪಸು ಹೋಗಬೇಕಂತೆ. ಪೋಸ್ಟ್‌ಮ್ಯಾನ್ ಯಜಮಾನರ ಮೇಜಿನ ಮುಂದೆಯೇ ಕೂತು ಒಂದೊಂದರ ಮೇಲೂ ಮೃತರಾಗಿದ್ದಾರೆ ಎಂದು ಬರೆದ. ಒಂದೇ ಪದವನ್ನು ಅಷ್ಟು ಸಲ ಬರೆಯುವುದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದೆ. ಕೊನೆಕೊನೆಗೆ ಅದು ಬರೀ ಬರವಣಿಗೆಯಾಗಿ ಕಂಡಿತು.

ಅಜ್ಜಿ ತನಗೆ ವಾಪಸು ಬಂದ ಕಾರ್ಡನ್ನು ಸಂಜೆ ನನಗೇ ತಂದುಕೊಟ್ಟಳು. ಮೊಮ್ಮಗಳ ಅಕ್ಷರ. ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದಿತ್ತು. ಮತ್ತೇನು ಬರೆಸಬೇಕೋ ತಿಳಿಯಲಿಲ್ಲ ಎಂದಳು.

ಹುಡುಗಿ ಬಂದು ಆರು ತಿಂಗಳಾಯಿತು. ನೆಟ್‌ವರ್ಕ್ ಸಿಗಲೆಂದು ಮೇಜನ್ನು ಕಿಟಕಿಯ ಬಳಿಗೆ ಎಳೆದಿದ್ದಾಳೆ. ಕನ್ನಡಕವನ್ನು ನಾನೇ ತೆಗೆದಿಟ್ಟೆ. ಉಂಗುರದ ಬೆರಳಿನ ವಿಷಯ ಮೊದಲ ದಿನವೇ ಹೇಳಿಕೊಟ್ಟೆ. ಪಿಂಚಣಿಯ ದಿನ ಅವಳು ಕೂಗುವ ಮೊದಲೇ ಒಲೆಯ ಮೇಲೆ ನೀರು ಇಡುತ್ತೇನೆ.